ಹತ್ತು ಕಾಯಿ

ಆಗಸ್ಟ್ 18, ಭಾನುವಾರ. ಹಾಸನ, ಆಸ್ಪತ್ರೆ

ಈ ಡೈರಿ ಮಠದ್ದು. ಪ್ರತಿ ವರ್ಷ ಸ್ವಾಮಿಗಳ ಫೋಟೊ ಇರುವ ಒಂದು ಡೈರಿ ನಮ್ಮ ಮನೆಗೆ ಬರುತ್ತದೆ. ಇವರು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುತ್ತಾರೆ, ಒಂದಕ್ಷರ ಬರೆಯುವುದಿಲ್ಲ. ಏಳೂವರೆ ತಿಂಗಳ ಹಾಳೆ ಹಾಗೇ ಖಾಲಿ. ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂತು ಕೂತು ಸಾಕಾಗಿ ಇವತ್ತು ಅದನ್ನು ತೆಗೆದೆ. ಯಾರಿಗಾದರೂ ಹೇಳಿಕೊಳ್ಳದಿದ್ದರೆ ಎದೆ ಒಡೆಯುತ್ತದೆ. ಹೇಳಿಕೊಳ್ಳುವಂಥವರು ಯಾರೂ ಇಲ್ಲ.

ನನ್ನ ಗಂಡ ಪ್ರಜ್ಞೆ ತಪ್ಪಿ ಮಲಗಿ ಇಂದಿಗೆ ಐದು ದಿನ.

ಆದದ್ದು ಇಷ್ಟು. ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ನಮ್ಮ ಉಂಡೆ ಕೊಬ್ಬರಿಯನ್ನು ನೇರವಾಗಿ ಕೊಳ್ಳುವ ಒಬ್ಬ ಗಿರಾಕಿ ಒಡಿಶಾದ ಒಳಭಾಗದ ಒಂದು ಊರಿನಲ್ಲಿ ಸಿಕ್ಕಿದ್ದ. ಜುಲೈ ಕೊನೆಯಲ್ಲಿ ಇವರು ಅಲ್ಲಿಗೆ ಹೋಗಿ ಎಂಟು ದಿನ ಇದ್ದು ಬಂದರು. ಬೇರೆ ಮಂಡಿಯವರಿಗೆ ಸುಳಿವು ಸಿಗಬಾರದೆಂದು, ಕೇಳಿದವರಿಗೆಲ್ಲ ಮಠಕ್ಕೆ ಹೋಗಿದ್ದಾರೆ ಎಂದು ಹೇಳಿದ್ದೆವು. ನಿಜ ಗೊತ್ತಿದ್ದದ್ದು ಇವರಿಗೆ, ಮಾವನವರಿಗೆ, ನನಗೆ.

ಬಂದ ಮೇಲೆ ಜ್ವರ ಹಿಡಿಯಿತು. ಒಂದು ದಿನ ಮೂರು ಕಂಬಳಿ ಹೊದ್ದರೂ ನಿಲ್ಲದ ನಡುಕ. ಮಾರನೇ ದಿನ ಏನೂ ಆಗಿಲ್ಲವೆಂಬಂತೆ ಎದ್ದು ಹರಾಜಿಗೆ ಹೋದರು. ಮೂರನೇ ದಿನ ಮತ್ತೆ ನಡುಕ. ನಾಲ್ಕನೇ ದಿನ ಮಾತು ತೊದಲಿತು, ಗೋಡೆಯ ಕ್ಯಾಲೆಂಡರಿನ ಜೊತೆ ಜಗಳ ಶುರು ಮಾಡಿದರು. ಊರಿನಲ್ಲೇ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು.

"ಇತ್ತೀಚೆಗೆ ಎಲ್ಲಾದ್ರೂ ಹೊರಗಡೆ ಊರಿಗೆ ಹೋಗಿದ್ರಾ?" ಎಂದು ಅಲ್ಲಿನ ಡಾಕ್ಟರು ಕೇಳಿದರು.

"ಇಲ್ಲ ಸ್ವಾಮಿ. ಮನೆ ಬಿಟ್ರೆ ಮಂಡಿ, ಮಂಡಿ ಬಿಟ್ರೆ ಮನೆ" ಎಂದರು ಮಾವನವರು.

ಪಕ್ಕದಲ್ಲಿ ಸೂಜಿ ಹಿಡಿದು ನಿಂತಿದ್ದ ಕಾಂಪೌಂಡರ್ ನಮ್ಮ ಎದುರು ಮಂಡಿಯವರ ಅಕ್ಕನ ಮಗ. ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಗಿರಾಕಿ ಕೈ ಬಿಟ್ಟ ಹಾಗೆ. ನಾನು ಮಾವನವರ ಹಿಂದೆ ನಿಂತಿದ್ದೆ. ಮಾವ ಒಂದು ಮಾತು ಹೇಳಿದ ಮೇಲೆ ಸೊಸೆ ಬಾಯಿ ತೆರೆಯುವ ರೂಢಿ ನಮ್ಮ ಮನೆಯಲ್ಲಿಲ್ಲ. ತೆರೆಯಲಿಲ್ಲ. ಟೈಫಾಯಿಡ್ ಎಂದು ಎರಡು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಬೆಳಿಗ್ಗೆ ಫಿಟ್ಸ್ ಬಂತು. ಇಲ್ಲಿಗೆ ತಂದೆವು. ಇಲ್ಲಿಯ ಡಾಕ್ಟರೂ ಅದೇ ಪ್ರಶ್ನೆ ಕೇಳಿದರು. ಮಾವನವರು ಆಗ ಕೌಂಟರಿನಲ್ಲಿ ಚೀಟಿ ಮಾಡಿಸುತ್ತಿದ್ದರು. ನಾನು ಒಡಿಶಾ ಎಂದೆ. ಅರ್ಧ ಗಂಟೆಯಲ್ಲಿ ರಕ್ತ ನೋಡಿ ಮಲೇರಿಯಾ ಎಂದರು, ಅದರಲ್ಲೂ ಕೆಟ್ಟ ಜಾತಿಯದು, ತಲೆಗೆ ಏರುವಂಥದ್ದು.

"ಎರಡು ದಿನ ಮುಂಚೆ ಗೊತ್ತಾಗಿದ್ರೆ" ಎಂದು ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಆ ಎರಡು ದಿನ ನನ್ನವು. ಮಾವನವರು ಸುಳ್ಳು ಹೇಳಿದರು, ನಾನು ಅದನ್ನು ಕಾದುಕೊಂಡು ನಿಂತೆ. ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆ ಹೊತ್ತಿದ್ದೇನೆ. ಇವರು ಎದ್ದರೆ ಇಬ್ಬರೂ ಬರಿಗಾಲಿನಲ್ಲಿ ಬೆಟ್ಟ ಹತ್ತುತ್ತೇವೆ.

ಆಗಸ್ಟ್ 22, ಗುರುವಾರ

ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು, ಆದರೆ ಗುರುತು ಹಿಡಿದು ನೋಡಿದ ನೋಟ ಅದಲ್ಲ.

ಡಾಕ್ಟರು ನನ್ನನ್ನು ಕೂರಿಸಿಕೊಂಡು ವಿವರಿಸಿದರು. ಹುಡುಗನಂತಿದ್ದಾರೆ, ಆದರೆ ತಾಳ್ಮೆಯವರು. "ರೋಗಾಣು ಮೆದುಳಿನ ತಿರುಳಿಗೆ ಹೋಗಲ್ಲಮ್ಮ. ಅದು ರಕ್ತಕಣದೊಳಗೇ ಕೂತಿರುತ್ತೆ. ಆ ಕಣ ಅಂಟಂಟಾಗಿ, ಮೆದುಳಲ್ಲಿ ಕೂದಲಿಗಿಂತ ಸಣ್ಣ ನಾಳಗಳಿವೆಯಲ್ಲ, ಅವುಗಳ ಗೋಡೆಗೆ ಕಚ್ಚಿಕೊಳ್ಳುತ್ತೆ. ಒಂದರ ಹಿಂದೆ ಒಂದು ಕಟ್ಟಿಕೊಂಡ್ರೆ ರಕ್ತ ಮುಂದೆ ಹೋಗಲ್ಲ. ನಾಳ ಸೋರುತ್ತೆ, ಮೆದುಳು ಊದಿಕೊಳ್ಳುತ್ತೆ. ಊದೋಕೆ ಜಾಗ ಎಲ್ಲಿದೆ? ಬುರುಡೆ ಹಿಗ್ಗಲ್ಲ."

ನಾನು ಕೊಬ್ಬರಿ ಮನೆಯವಳು. ಕರಟದೊಳಗಿನ ತಿರುಳು ಒಣಗಿ ಕುಗ್ಗುವುದು ಗೊತ್ತಿತ್ತು. ಒಳಗೇ ಊದಿ ಗೋಡೆಗೆ ಒತ್ತಿಕೊಂಡು ಕೆಡುವುದು ಗೊತ್ತಿರಲಿಲ್ಲ.

"ಸರಿ ಹೋಗ್ತಾರಾ?" ಎಂದೆ.

"ಎಷ್ಟೋ ಜನ ಪೂರ್ತಿ ಸರಿ ಹೋಗ್ತಾರೆ. ಕೆಲವರಿಗೆ ನೆನಪು, ಮಾತು, ಕೋಪ, ನಡಿಗೆ, ಏನಾದ್ರೂ ಒಂದು ಉಳಿದುಬಿಡುತ್ತೆ. ಮೊದಲ ಆರು ತಿಂಗಳು ಮುಖ್ಯ. ಅವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸಾನೇ ದಿನಾ ಸ್ವಲ್ಪ ಸ್ವಲ್ಪ ಮಾಡಿಸಿ. ಎಷ್ಟು ಬಂತು ಅಂತ ಬರೆದಿಟ್ಟು ನನಗೆ ತಂದು ತೋರಿಸಿ. ಅದರ ಮೇಲೆ ಔಷಧಿ ನಿರ್ಧಾರ ಮಾಡೋಣ."

ಒಂದು ಚಾರ್ಟ್ ಕೊಟ್ಟಿದ್ದಾರೆ. ಅದು ಡಾಕ್ಟರಿಗೆ. ಈ ಡೈರಿ ನನಗೆ.

ಸೆಪ್ಟೆಂಬರ್ 2, ಸೋಮವಾರ. ಅರಸೀಕೆರೆ

ಮನೆಗೆ ಬಂದೆವು. ಹುಟ್ಟಿ ಬೆಳೆದ ಮನೆಯಲ್ಲಿ ಬಚ್ಚಲು ಎಲ್ಲಿದೆಯೆಂದು ಇವರಿಗೆ ಗೊತ್ತಿಲ್ಲ. ಬಲಗಾಲು ಎಳೆಯುತ್ತಾರೆ. ಕುಕ್ಕರ್ ಸೀಟಿ ಹೊಡೆದರೆ ಕಿವಿ ಮುಚ್ಚಿಕೊಂಡು ಕಿರುಚುತ್ತಾರೆ. ಕಾಫಿ ಲೋಟವನ್ನು ಬಾಯಿಯವರೆಗೆ ತಂದು ಏನು ಮಾಡಬೇಕೆಂದು ಮರೆತು ಎದೆಯ ಮೇಲೆ ಸುರಿದುಕೊಂಡರು. ನನ್ನನ್ನು "ಅವ್ವ" ಎಂದರು. ಅತ್ತೆ ಸತ್ತು ಒಂಬತ್ತು ವರ್ಷ.

ನೋಡಲು ಬಂದ ಪಕ್ಕದ ಮನೆಯವರು "ಮಹಾಂತೇಶಣ್ಣ ಹೆಂಗಿದ್ರು, ಹೆಂಗಾದ್ರು" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಇವರು ಅವರ ಮುಖ ನೋಡಿ ನಕ್ಕರು. ನನಗೂ ನಗು ಬಂತು, ಅಡಗಿಸಿಕೊಂಡೆ.

ನಮಗೆ ಮಕ್ಕಳಿಲ್ಲ. ಇವತ್ತು ಇವರಿಗೆ ಅನ್ನ ಕಲಸಿ ತಿನ್ನಿಸಿದೆ. ಬದುಕಿ ಬಂದರಲ್ಲ, ಅಷ್ಟು ಸಾಕು. ಉಳಿದದ್ದು ನನ್ನ ಕೆಲಸ.

ಸೆಪ್ಟೆಂಬರ್ 6, ಶುಕ್ರವಾರ

ಇವರಿಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಎಂದರೆ ಕಾಯಿ ಅಲುಗಿಸುವುದು. ಗಂಡಸಿ ಊರಿನ ನಮ್ಮ ತೋಟದ ಕಾಯಿ, ಸುತ್ತಲಿನ ರೈತರಿಂದ ಕೊಂಡ ಕಾಯಿ, ಎಲ್ಲ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿರುತ್ತದೆ. ಒಳಗಿನ ನೀರು ತಾನೇ ಇಂಗಿ, ತಿರುಳು ಕರಟ ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಒಡೆಯದೆ ತಿಳಿಯಬೇಕು. ಅವಸರಕ್ಕೆ ಒಡೆದರೆ ಕಾಯಿ ಹಾಳು. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಇವರು ಮೂರು ಮಾತಿನಲ್ಲಿ ಒಂದು ಹೇಳುತ್ತಿದ್ದರು. ನೀರು. ಆಗಿದೆ. ಕೊಳೆ. ಊರಿನಲ್ಲಿ ಇವರ ಕಿವಿಗೆ ಸಮ ಇನ್ನೊಂದು ಕಿವಿ ಇರಲಿಲ್ಲ.

ಗಿಡ್ಡಮ್ಮ ಅಟ್ಟದಿಂದ ಹತ್ತು ಕಾಯಿ ಆರಿಸಿ ತಂದಳು. ನಮ್ಮಲ್ಲಿ ಕರಟ ಒಡೆಯುವ ಹೆಂಗಸರಲ್ಲಿ ಹಳಬಳು, ಮೂವತ್ತೊಂದು ವರ್ಷದಿಂದ ಇದ್ದಾಳೆ. ಇವರ ಕೈಗೆ ಒಂದೊಂದೇ ಕೊಟ್ಟೆವು. ಮೊದಲನೆಯದನ್ನು ಮೂಸಿ ನೋಡಿದರು. ಎರಡನೆಯದನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡರು. ಆಮೇಲೆ ಕೈ ತಾನಾಗಿಯೇ ಕಿವಿಗೆ ಹೋಯಿತು. ಗಿಡ್ಡಮ್ಮ ಕಣ್ಣೀರು ಹಾಕಿದಳು. ಒಡೆದು ನೋಡಿದೆವು. ಹತ್ತರಲ್ಲಿ ಎರಡು ಸರಿ.

ಚಾರ್ಟಿನಲ್ಲಿ ನಾಲ್ಕು ಎಂದು ಬರೆದೆ. ಸುಳ್ಳು, ಗೊತ್ತು. ಎರಡು ಎಂದು ಬರೆಯಲು ಕೈ ಬರಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ಮಾವನವರಿಗೆ ಎಪ್ಪತ್ನಾಲ್ಕು. ಕಿವಿ ಮಂದ. ಅವರು ಆಗಿದೆ ಎಂದ ಒಂದು ರಾಶಿಯನ್ನು ಒಡೆದರೆ ಅರ್ಧಕ್ಕರ್ಧ ನೀರು. ಅಂಗಳವೆಲ್ಲ ಹುಳಿ ವಾಸನೆ. ಆ ರಾಶಿಯ ನಡುವೆ ಕೂತು ಅವರು ತಲೆ ಎತ್ತಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಾರೆ.

"ನಾನು ಕಲೀಲಾ ಮಾವ?" ಎಂದೆ.

"ಕಲಿಯವ್ವ" ಎಂದರು, ಅಷ್ಟೇ.

ಮದುವೆಯಾದ ಹೊಸತರಲ್ಲಿ ಒಮ್ಮೆ ಅಟ್ಟ ಹತ್ತಿ ಒಂದು ಕಾಯಿ ಅಲುಗಿಸಿದ್ದೆ. ಇವರು ಆಳುಗಳ ಎದುರಿಗೇ ನಕ್ಕಿದ್ದರು. "ಬಳೆ ಸದ್ದಲ್ಲಿ ಕಾಯಿ ಸದ್ದು ಕೇಳ್ಸುತ್ತೇನೇ? ಹೋಗ್ ಒಳಗೆ." ಆಳುಗಳೂ ನಕ್ಕಿದ್ದರು. ಬಿ.ಎ. ಓದಿದ ಹುಡುಗಿ ನಾನು, ಒಳಗೆ ಹೋದೆ, ಹದಿನೆಂಟು ವರ್ಷ ಒಳಗೇ ಇದ್ದೆ.

ಆದರೆ ಅವರು ಅಂದದ್ದು ನಿಜ. ಅಲುಗಿಸಿದರೆ ಬಳೆಯೇ ಕೇಳಿಸುತ್ತದೆ. ತೆಗೆಯಲು ಹೋದೆ. ಗಿಡ್ಡಮ್ಮ ಕೈ ಹಿಡಿದಳು. "ಬ್ಯಾಡಿ ಅಮ್ಮಾವ್ರೆ. ಮುತ್ತೈದೆ ಕೈ, ಗಂಡ ಇನ್ನೂ ಹಾಸಿಗೆ ಮೇಲವ್ರೆ." ಹಳೆ ಸೀರೆಯ ಅಂಚು ಹರಿದು ಬಳೆಗಳ ಮೇಲೆ ಸುತ್ತಿ ಕಟ್ಟಿದಳು. ಸದ್ದು ನಿಂತಿತು. ಕಾಯಿ ಕಿವಿಗೆ ಹಿಡಿದೆ. ದೂರದಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ ಕೇಳಿಸಿತು.

"ಅದೇ ಕಣವ್ವ, ಆಗೈತೆ" ಎಂದಳು.

ಅಕ್ಟೋಬರ್ 5, ಶನಿವಾರ

ಬಟ್ಟೆ ಸುತ್ತಿ ಬಿಚ್ಚಿ ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ಕೆಲಸದ ಹೊತ್ತಿಗೆ ಬಲಗೈ ಬಳೆ ತೆಗೆದು ದೇವರ ಮುಂದೆ ಇಡುತ್ತೇನೆ. ದೇವರಿಗೆ ಅರ್ಥವಾಗುತ್ತದೆ.

ಇವರಿಗೆ ಕಾಫಿಯ ಆಸೆ ಹೆಚ್ಚಾಗಿದೆ. ಅದನ್ನೇ ಉಪಯೋಗಿಸಿಕೊಳ್ಳಬೇಕೆಂದು ಒಂದು ನಿಯಮ ಮಾಡಿದ್ದೇನೆ. ಐದು ಸರಿ ಹೇಳಿದರೆ ಕಾಫಿ. ಇವತ್ತು ನಾಲ್ಕು. ಲೋಟ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ, ಘಮ ಬರಲಿ ಎಂದು. ನಾಲ್ಕಕ್ಕೆ ನಿಂತಾಗ ಅವರ ಎದುರಿಗೇ ಬಚ್ಚಲಿಗೆ ಸುರಿದೆ. ಬಿಕ್ಕಿ ಬಿಕ್ಕಿ ಅತ್ತರು. ನಲವತ್ತಾರು ವರ್ಷದ ಗಂಡಸು ಒಂದು ಲೋಟ ಕಾಫಿಗೆ ಅಳುವುದು ನೋಡಲಾಗುವುದಿಲ್ಲ. ಆದರೆ ಮಕ್ಕಳನ್ನು ತಿದ್ದುವಾಗ ಕರಗಬಾರದು. ಛಡಿ ಚಟಚಟ ಅಂದರೇ ವಿದ್ಯೆ ಘಮಘಮ ಅನ್ನುವುದು.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ಮಂಡಿಯಲ್ಲಿ ಪೂಜೆ. ತಕ್ಕಡಿಗೆ, ಸುಲಿಯುವ ಕಬ್ಬಿಣಕ್ಕೆ ಎಲ್ಲ ವಿಭೂತಿ, ಹೂ. ಪೂಜೆ ಮುಗಿದ ಮೇಲೆ ಮಾವನವರು ಗಾದಿಯ ಕಡೆ ಕೈ ತೋರಿಸಿ "ಕೂತ್ಕೊಳವ್ವ" ಎಂದರು. ಮಹಾಂತೇಶ್ ಕೂರುತ್ತಿದ್ದ ಗಾದಿ. ರೈತರೆಲ್ಲ ನೋಡುತ್ತಿದ್ದರು. ಕೂತೆ. ಗೋಡೆಗೆ ಒರಗುವ ಜಾಗ ಅವರ ಬೆನ್ನಿನ ಅಳತೆಗೆ ತಗ್ಗಾಗಿದೆ. ನನಗೂ ಹೊಂದಿತು.

ಇವರಿಗೆ ರೇಷ್ಮೆ ಪಂಚೆ ಉಡಿಸಿ ಮೂಲೆಯಲ್ಲಿ ಕೂರಿಸಿದ್ದೆ. ಮಂಗಳಾರತಿಯ ಹೊತ್ತಿಗೆ ಗಹಗಹಿಸಿ ನಕ್ಕರು. ಎಲ್ಲರೂ ತಿರುಗಿ ನೋಡಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೀರಾ ಗಲಾಟೆಯಾದರೆ ಮಾತ್ರ ಅರ್ಧ ಕೊಡಿ, ದಿನಾ ಬೇಡ, ತಲೆ ಮಂಕಾಗುತ್ತದೆ ಎಂದು ಡಾಕ್ಟರು ಹೇಳಿದ ಮಂಪರು ಮಾತ್ರೆ ಒಂದಿದೆ. ಇನ್ನು ಮುಂದೆ ಜನ ಸೇರುವ ದಿನ ಅದನ್ನು ಕೊಟ್ಟೇ ಕರೆದುಕೊಂಡು ಬರಬೇಕು.

ನವೆಂಬರ್ 8, ಶುಕ್ರವಾರ

ಗೆಂಡೆಹಳ್ಳಿಯಿಂದ ನನ್ನ ಅವ್ವ ಬಂದಿದ್ದಳು. ಬೇಲೂರಿನಲ್ಲಿ ಬಸ್ಸು ಬದಲಿಸಿ, ಹಳೇಬೀಡಿನ ಮಾರ್ಗವಾಗಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಳಂತೆ, ಕೈಯಲ್ಲಿ ಚಕ್ಕುಲಿ ಡಬ್ಬಿ. ನಾನು ಮಂಡಿಯಿಂದ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಕೂತಿದ್ದಳು, ಮುಖ ಸಣ್ಣಗಾಗಿತ್ತು.

"ರೂಮಿಗೆ ಹೊರಗಿಂದ ಚಿಲಕ ಹಾಕಿದೀಯಲ್ಲೇ ಉಷಾ."

"ರಸ್ತೆಗೆ ಹೋಗಿಬಿಟ್ರೆ? ಲಾರಿ ಓಡಾಡೋ ರಸ್ತೆ ಅವ್ವ."

"ಬೆಳಿಗ್ಗೆಯಿಂದ ಅದರೊಳಗೇ ಇದ್ರಂತೆ."

"ಮತ್ತೆ ನಾನು ಎರಡು ಕಡೆ ಇರಕ್ಕಾಗುತ್ತಾ?"

ಅಷ್ಟರಲ್ಲಿ ಇವನು ಒಳಗಿನಿಂದ ಬಾಗಿಲು ಬಡಿದ. ಬಾಯಿ ಮುಚ್ಚೋ, ಬಂದೆ ಎಂದೆ. ಅವ್ವ ಬೆಚ್ಚಿದಳು. ಚಕ್ಕುಲಿ ಡಬ್ಬಿ ಕೆಳಗಿಟ್ಟು, "ನಿಮ್ಮಪ್ಪ ಹಾಸಿಗೆ ಹಿಡಿದು ಮೂರು ವರ್ಷ ಇದ್ರು. ಒಂದು ದಿನ ಏಕವಚನದಲ್ಲಿ ಮಾತಾಡಿಸ್ಲಿಲ್ಲ ನಾನು" ಎಂದಳು.

"ಮಗು ಥರ ನೋಡ್ಕೋಬೇಕು ಅಂದಿದಾರೆ ಅವ್ವ. ಮಗೂನ ಬನ್ನಿ ಹೋಗಿ ಅಂತಾರಾ?"

ಅವ್ವ ರಾತ್ರಿ ಉಳಿಯಲಿಲ್ಲ, ಸಂಜೆ ಬಸ್ಸಿಗೇ ಹೊರಟಳು. ಬಸ್ಸು ಹತ್ತುವಾಗ ನನ್ನ ಬಲಗೈ ಹಿಡಿದು ಬರಿ ಮಣಿಕಟ್ಟನ್ನು ಸವರಿದಳು. ಹೊರಗಿನಿಂದ ನೋಡುವವರಿಗೆ ಎಲ್ಲವೂ ಸುಲಭ. ಬೆಂದ ಮನೆಯಲ್ಲಿ ಇರುವವರಿಗೆ ಗೊತ್ತು ಬಿಸಿ.

ನವೆಂಬರ್ 20, ಬುಧವಾರ

ನಿನ್ನೆ ಹರಾಜಿನಲ್ಲಿ ನಮ್ಮ ಕೊಬ್ಬರಿಯೇ ಮೇಲು ಎಂದರು. ಬರೆಯಲು ಪುರುಸೊತ್ತಿಲ್ಲ. ಇವನು ಆರು ಸರಿ. ಆರೇ ಬರೆದೆ.

ಡಿಸೆಂಬರ್ 9, ಸೋಮವಾರ

ಇವತ್ತು ಎಂಟು.

ಕಳೆದ ವಾರದಿಂದ ಬದಲಾವಣೆ ಕಾಣುತ್ತಿದೆ. ಬಚ್ಚಲಿಗೆ ತಾನೇ ಹೋಗುತ್ತಾನೆ. ಕುಕ್ಕರ್ ಕೂಗಿದರೆ ಬೆದರುವುದಿಲ್ಲ. ಮಾವನವರನ್ನು ಅಪ್ಪಾಜಿ ಎಂದು ಕರೆದನಂತೆ. ಅವರು ಆ ಸಂತೋಷಕ್ಕೆ ಮಂಡಿಗೆ ಬಂದು, ರೈತರ ಎದುರಿಗೇ ಹೇಳಿದರು. "ಹತ್ತೊಂಬತ್ತಕ್ಕೆ ಡಾಕ್ಟ್ರು ನೋಡ್ತಾರಲ್ಲ. ಪರ್ವಾಗಿಲ್ಲ ಅಂದ್ರೆ ಸಂಕ್ರಾಂತಿ ದಿನದಿಂದ ಅವನೇ ಗಾದಿ ಮೇಲೆ ಕೂರ್ಲಿ. ನೀನೂ ದಣಿದಿದೀಯ ಕಣವ್ವ. ಒಳಗೆ ಇದ್ದು ಸ್ವಲ್ಪ ಸುಧಾರಿಸ್ಕೋ."

ಹೂಂ ಎಂದೆ. ಆಮೇಲೆ ಅಟ್ಟದಲ್ಲಿ ಒಬ್ಬಳೇ ಕೂತು ಸುಮ್ಮನೆ ಕಾಯಿ ಅಲುಗಿಸಿದೆ. ಈಗ ನನಗೆ ಕಣ್ಣು ಮುಚ್ಚಿದರೂ ತಪ್ಪುವುದಿಲ್ಲ. ಸುಧಾರಿಸಿಕೊಳ್ಳಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ.

ಚಾರ್ಟಿನಲ್ಲಿ ಐದು ಎಂದು ಬರೆದೆ. ಮೊದಮೊದಲು ಎರಡು ಬಂದಾಗ ನಾಲ್ಕು, ಮೂರು ಬಂದಾಗ ಐದು ಎಂದು ಹೆಚ್ಚು ಬರೆದಿದ್ದೆನಲ್ಲ. ಈಗ ಕಡಿಮೆ ಬರೆದರೆ ಲೆಕ್ಕ ಸಮವಾಗುತ್ತದೆ. ಒಂದೇ ಸಲ ಎಂಟು ಎಂದರೆ ಡಾಕ್ಟರೂ ನಂಬಲಾರರು.

ಡಿಸೆಂಬರ್ 15, ಭಾನುವಾರ

ಹತ್ತು.

ಗಿಡ್ಡಮ್ಮ ಬೇಕೆಂದೇ ಕಷ್ಟದ ಕಾಯಿಗಳನ್ನು ತಂದಿದ್ದಳು, ನೀರು ಒಂದು ಗುಟುಕಷ್ಟೇ ಉಳಿದವು, ಒಳಗೇ ಕಪ್ಪಾದವು. ಇವನು ಹಿಂದಿನ ಹಾಗೆ ಎಡಗೈಯಲ್ಲಿ ತೆಗೆದುಕೊಂಡು, ಬಲಗೈಗೆ ದಾಟಿಸಿ, ಕಿವಿಯ ಹತ್ತಿರ ಎರಡೇ ಸಲ ಅಲುಗಿಸಿ ಕೆಳಗಿಟ್ಟ. ನೀರು. ಆಗಿದೆ. ಆಗಿದೆ. ಕೊಳೆ. ಒಂದಕ್ಕೂ ತಡವರಿಸಲಿಲ್ಲ. ಒಂಬತ್ತನೆಯದು ನಾನು ಆಗಿದೆ ಅಂದುಕೊಂಡಿದ್ದೆ. ಇವನು ನೀರು ಎಂದ. ಒಡೆದರೆ ಒಂದು ಚಮಚ ನೀರಿತ್ತು.

ಗಿಡ್ಡಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು.

ಇವನು ತಲೆ ಎತ್ತಿ ನನ್ನನ್ನು ನೋಡಿದ. ಆಗಸ್ಟಿನಿಂದ ಈಚೆಗೆ ಹಾಗೆ ನೋಡಿರಲಿಲ್ಲ. ಮೊದಲು ಮುಖ, ಆಮೇಲೆ ಕೈ.

"ಉಷಾ" ಎಂದ. "ಬಳೆ ಎಲ್ಲಿ? ನಾನಿನ್ನೂ ಬದುಕಿದೀನಲ್ಲ."

ಇವನು ನನ್ನ ಬರಿಗೈಯನ್ನು ಹಿಡಿದುಕೊಂಡ. ಪದ ಹುಡುಕಿ ಹುಡುಕಿ ಮಾತಾಡಿದ. "ತುಂಬ ಕಷ್ಟ ಕೊಟ್ಟೆ ನಿನಗೆ. ಇನ್ ಮೇಲೆ ನೀನು ಮಂಡಿಗೆ ಹೋಗ್ಬೇಡ. ನಾನು ಹೋಗ್ತೀನಿ. ನೀನು ಒಳಗಿರು."

ಒಳಗಿರು. ಬುದ್ಧಿ ಬಂದ ಮೊದಲ ದಿನ ಬಾಯಿಗೆ ಬಂದ ಮಾತು ಅದು. ಊರಿನ ಹೆಸರು ಇನ್ನೂ ಸರಿಯಾಗಿ ನೆನಪಿಲ್ಲ, ಅದು ಮಾತ್ರ ನೆನಪಿದೆ. ಮೆದುಳಿನ ಯಾವ ಮೂಲೆ ಸತ್ತರೂ ಆ ಮೂಲೆ ಸಾಯಲಿಲ್ಲ. ಕೈ ಬಿಡಿಸಿಕೊಂಡೆ.

ಗಿಡ್ಡಮ್ಮ ಮಾವನವರಿಗೆ ಹೇಳಲು ಓಡುತ್ತಿದ್ದಳು. ಈಗಲೇ ಬೇಡ, ದೃಷ್ಟಿ ತಾಗುತ್ತದೆ, ಡಾಕ್ಟರು ಹೇಳಿದ ಮೇಲೆ ಹೇಳೋಣ ಎಂದು ತಡೆದೆ. ಸಂಜೆ ಇವನಿಗೆ ಕಾಫಿ ಕೊಟ್ಟೆ. ಅದರಲ್ಲಿ ಮಾತ್ರೆ ಪುಡಿ ಮಾಡಿ ಹಾಕಿದ್ದೆ. ಹೊಸ ಖುಷಿ ತಲೆಗೇರಬಾರದಲ್ಲ.

ಚಾರ್ಟಿನಲ್ಲಿ ಮೂರು ಎಂದು ಬರೆದೆ.

ಡಿಸೆಂಬರ್ 17, ಮಂಗಳವಾರ

ಗಿಡ್ಡಮ್ಮನಿಗೆ ಅಕ್ಷರ ಬಾರದು ಅಂದುಕೊಂಡಿದ್ದೆ. ಅಂಕಿ ಬರುತ್ತದಂತೆ. ಗೋಡೆಗೆ ಸಿಕ್ಕಿಸಿದ ಚಾರ್ಟಿನ ಮುಂದೆ ನಿಂತಿದ್ದಳು.

"ಮೊನ್ನೆ ಹತ್ತೂ ಸರಿ ಇತ್ತಲ್ಲ ಅಮ್ಮಾವ್ರೆ. ಇಲ್ಲಿ ಮೂರೈತೆ."

"ನೀನು ಕರಟ ಒಡಿ. ಅದು ನಿನ್ನ ಕೆಲಸ ಅಲ್ಲ."

ಅವಳು ಹೋಗಲಿಲ್ಲ. ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನಿಂತಳು. "ನಿಮ್ಗೆ ಹೇಳೋಷ್ಟು ದೊಡ್ಡೋಳಲ್ಲ ನಾನು. ಆದ್ರೂ ಹೇಳ್ತೀನಿ. ಕಾಯಿ ಆಗೈತೆ ಕಣವ್ವ. ಆದ ಕಾಯಿನ ಅಟ್ಟದಾಗೇ ಮಡಗಿದ್ರೆ ಹುಳ ಬೀಳ್ತದೆ."

ನಾಳೆಯಿಂದ ಬರಬೇಡ ಎಂದೆ. ಮಾವನವರಿಗೆ, ಕೊಬ್ಬರಿ ಕದಿಯುತ್ತಿದ್ದಳು ಎಂದು ಹೇಳಿದೆ. ಅವರು ನಂಬಿದರು. ಈಗ ನಾನು ಹೇಳಿದ್ದನ್ನೆಲ್ಲ ನಂಬುತ್ತಾರೆ. ಅವಳು ಹೋಗುವಾಗ ಇವನ ಕಿಟಕಿಯ ಹತ್ತಿರ ನಿಂತು "ಬತ್ತೀನಿ ಯಜಮಾನ್ರೆ" ಎಂದಳು. ಇವನು ಮಂಪರಿನಲ್ಲಿದ್ದ. ನನಗೆ ಬೇಸರವಾಯಿತು, ಕಲಿಸಿದವಳು. ಆದರೆ ಕೆಲಸದವರನ್ನು ತಲೆಯ ಮೇಲೆ ಕೂರಿಸಿಕೊಂಡರೆ ಹೀಗೇ ಆಗುವುದು.

ಡಿಸೆಂಬರ್ 19, ಗುರುವಾರ. ಹಾಸನ

ದಾರಿಯಲ್ಲಿ ರಂಪ ಮಾಡಬಾರದೆಂದು ಬೆಳಿಗ್ಗೆ ಎರಡು ಮಾತ್ರೆ ಕೊಟ್ಟಿದ್ದೆ. ಡಾಕ್ಟರ ಮುಂದಿನ ಕುರ್ಚಿಯಲ್ಲಿ ಕೂರಿಸಿದರೆ ಗದ್ದ ಎದೆಗೆ ತಾಗಿತು.

"ಇವತ್ತು ಯಾವ ವಾರ ಸರ್?" ಎಂದು ಕೇಳಿದರು. ಇವನ ತುಟಿ ಅಲುಗಿತು, ಸದ್ದು ಬರಲಿಲ್ಲ. "ಇವರು ಯಾರು?" ಎಂದು ನನ್ನನ್ನು ತೋರಿಸಿದರು. ಇವನು ಬಹಳ ಪ್ರಯತ್ನಪಟ್ಟು ಕಣ್ಣು ತೆರೆದು ನನ್ನ ಕೈಯ ಕಡೆ ನೋಡಿದ.

ಡಾಕ್ಟರು ಚಾರ್ಟಿನ ಮೇಲೆ ಬೆರಳು ಇಳಿಸಿದರು. "ನಾಲ್ಕು, ಐದು, ಆರರವರೆಗೆ ಬಂದಿತ್ತು. ಆಮೇಲೆ ಐದು, ಮೂರು. ಇಳೀತಾ ಇದೆಯಲ್ಲಮ್ಮ. ಸಾಮಾನ್ಯವಾಗಿ ಹೀಗೆ ಆಗಲ್ಲ. ಮನೇಲಿ ಹೇಗಿದ್ದಾರೆ? ಯಾವತ್ತಾದ್ರೂ ಒಂದು ದಿನ ಚೆನ್ನಾಗಿ ಮಾತಾಡಿದ್ದು, ಗುರುತು ಹಿಡಿದಿದ್ದು ಉಂಟಾ? ಒಂದೇ ಒಂದು ದಿನ ಆದ್ರೂ ಹೇಳಿ. ಅದು ನನಗೆ ಮುಖ್ಯ."

ಮಾವನವರು ಬಾಯಿ ತೆರೆದರು. ಅಪ್ಪಾಜಿ ಎಂದು ಕರೆದದ್ದನ್ನು ಹೇಳಲಿಕ್ಕಿದ್ದರೇನೋ. ಆಮೇಲೆ ನನ್ನ ಕಡೆ ತಿರುಗಿದರು, ಕಣ್ಣು ತುಂಬಿತ್ತು.

"ಅವತ್ತು ನಾನು ಮಾತಾಡಿ ಕೆಡಿಸ್ದೆ. ಇವತ್ತು ನೀನೇ ಹೇಳವ್ವ."

ನಾನು ಹೇಳಿದೆ. "ಇಲ್ಲ ಡಾಕ್ಟ್ರೇ. ಒಂದು ದಿನಾನೂ ಇಲ್ಲ. ಕೋಪ ಮಾತ್ರ ಜಾಸ್ತಿ ಆಗಿದೆ, ಹೊಡೆಯಕ್ಕೆ ಬರ್ತಾರೆ."

ಸ್ಪಷ್ಟವಾಗಿ ಹೇಳಿದೆ, ಧ್ವನಿ ನಡುಗಲಿಲ್ಲ. ಸ್ಕ್ಯಾನ್ ಮಾಡಿಸಿದರು. ಹಳೆಯ ಕಲೆಗಳೇ, ಹೊಸದೇನೂ ಇಲ್ಲ ಎಂದರು. ಬಹಳ ಹೊತ್ತು ಆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕೊನೆಗೆ ಮಂಪರು ಮಾತ್ರೆಯನ್ನು ದಿನಕ್ಕೆ ಮೂರು ಹೊತ್ತು ಮಾಡಿದರು. "ಇನ್ನು ಹೆಚ್ಚು ನಿರೀಕ್ಷೆ ಇಟ್ಕೋಬೇಡಿ" ಎಂದರು. ಮಾವನವರು ಕಾರಿಡಾರಿನಲ್ಲಿ ಗೋಡೆ ಹಿಡಿದುಕೊಂಡು ಅತ್ತರು. ಅವರಿಗೆ ನೀರು ತಂದುಕೊಟ್ಟೆ.

ಬರುವ ದಾರಿಯಲ್ಲಿ ಇವನ ತಲೆ ನನ್ನ ಭುಜದ ಮೇಲೆ ಬಿತ್ತು. ಹಾಗೇ ಇರಲಿ ಎಂದು ಬಿಟ್ಟೆ. ನಾನೇನು ಕಲ್ಲಲ್ಲ.

ಜನವರಿ 6, ಸೋಮವಾರ

ಹೊಸ ವರ್ಷದ ಡೈರಿ ಬಂದಿದೆ. ಮಠದವರು ಈ ಸಲ ಮಂಡಿಗೇ ತಂದುಕೊಟ್ಟರು. ಮೊದಲ ಪುಟದಲ್ಲಿ ಶ್ರೀಮತಿ ಉಷಾರಾಣಿ ಎಂದು ದುಂಡಗೆ ಬರೆದಿದ್ದಾರೆ. ಇಷ್ಟು ವರ್ಷ ಅಲ್ಲಿ ಇವನ ಹೆಸರಿರುತ್ತಿತ್ತು.

ಸಂಕ್ರಾಂತಿಗೆ ಒಂದು ವಾರ. ಗಾದಿಗೆ ಹೊಸ ಬಟ್ಟೆ ಹೊಲಿಸಿದೆ. ಜೇನುಕಲ್ಲಿನ ಹರಕೆ ಉಳಿದಿದೆ, ನೆನಪಿದೆ. ಇವನ ಕೈಲಿ ಬೆಟ್ಟ ಹತ್ತಿಸಲು ಆಗುವುದಿಲ್ಲ, ನನಗೆ ಮಂಡಿ ಬಿಟ್ಟು ಹೋಗಲು ಆಗುವುದಿಲ್ಲ. ಸಿದ್ದೇಶ್ವರನಿಗೆ ಎಲ್ಲ ಕಾಣುತ್ತದೆ. ಸೌಕರ್ಯವಾದಾಗ ಹೋದರಾಯಿತು.

ಮೂರು ಹೊತ್ತಿನ ಮಾತ್ರೆ ಶುರುವಾದ ಮೇಲೆ ಮನೆ ಶಾಂತವಾಗಿದೆ. ಬಾಗಿಲು ಬಡಿಯುವುದಿಲ್ಲ. ಕಾಫಿ ಕೇಳುವುದಿಲ್ಲ. ಎರಡು ವಾರದಿಂದ ಪರೀಕ್ಷೆ ಮಾಡಿರಲಿಲ್ಲ. ಇವತ್ತು ನಾನೇ ಅಟ್ಟದಿಂದ ಹತ್ತು ಕಾಯಿ ಇಳಿಸಿಕೊಂಡು ಬಂದು ಎದುರಿಗೆ ಕೂತೆ. ಮೊದಲನೆಯದು ಕೈಯಿಂದ ಜಾರಿ ಉರುಳಿತು. ಎರಡನೆಯದನ್ನು ನಾನೇ ಕಿವಿಯ ಹತ್ತಿರ ಹಿಡಿದು ಅಲುಗಿಸಿದೆ. ಇವನು ಸದ್ದಿನ ಕಡೆ ತಿರುಗಲಿಲ್ಲ. ನನ್ನ ಬಲಗೈ ಮಣಿಕಟ್ಟನ್ನು ನೋಡುತ್ತಿದ್ದ. ಹೇಳು ಎಂದು ಗದರಿದೆ. "ಆಗಿದೆ" ಎಂದ. ಹತ್ತಕ್ಕೂ ಅದನ್ನೇ ಹೇಳಿದ. ಒಡೆದು ನೋಡಿದೆ, ಆಗಿದ್ದದ್ದು ಮೂರು.

ಚಾರ್ಟಿನಲ್ಲಿ ಮೂರು ಎಂದು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆದು ಬಹಳ ದಿನವಾಗಿತ್ತು. ಮನಸ್ಸು ನಿರಾಳವಾಯಿತು.